7 ಸೆಕೆಂಡಿನಲ್ಲಿ ಮುಗಿಯುವ ನಮೋ ಮರಿಯ: ಶಾಲೆಯ ದಿನದ ಪ್ರಾರ್ಥನೆ ಬಗ್ಗೆ ಸಲಹೆ ಬೇಕು

ಆರನೇ ಕ್ಲಾಸ್ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಒಂದು ಕಥೋಲಿಕ ಶಾಲೆಯಲ್ಲಿ ಆರನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಈ ವರ್ಷ ದಿನದ ಪ್ರಾರ್ಥನೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೆಳಗ್ಗೆ ಅಸೆಂಬ್ಲಿಯಲ್ಲಿ ಒಂದು ಸಲ, ಊಟಕ್ಕೆ ಮೊದಲು ಒಂದು ಸಲ, ಸಂಜೆ ಬೆಲ್ ಹೊಡೆಯುವ ಮುಂಚೆ ಇನ್ನೊಂದು ಸಲ. ತಿಂಗಳ ಮೊದಲ ಶುಕ್ರವಾರ ಎಲ್ಲರಿಗೂ ಬಲಿಪೂಜೆ, ಅಂದರೆ ಫಾದರ್ ನಡೆಸುವ ಮಾಸ್.

ಮೊದಲ ವಾರ ಸುಮ್ನೆ ಹಿಂದೆ ನಿಂತು ನೋಡಿದೆ. ಶಿಲುಬೆ ಗುರುತು ಹಾಕುವಾಗ ಕೈ ಹಣೆಗೆ ಹೋಗುತ್ತದೆ, ಎದೆ ಮುಟ್ಟುವುದೇ ಇಲ್ಲ, ಗಾಳಿಯಲ್ಲಿ ಒಂದು ಸುತ್ತು ಹೊಡೆದು ಕೆಳಗಿಳಿಯುತ್ತದೆ. ನಮೋ ಮರಿಯ, ಅಂದರೆ ಮಾತೆ ಮರಿಯಮ್ಮನ ಪ್ರಾರ್ಥನೆ, ಎಷ್ಟು ಹೊತ್ತು ಹೇಳುತ್ತಾರೆ ಅಂತ ಗಡಿಯಾರ ಹಿಡಿದು ನೋಡಿದೆ. 7 ಸೆಕೆಂಡ್. ಕೊನೆಯ ಆಮೆನ್ ಮಾತ್ರ ಬಹಳ ಜೋರು, ಯಾಕೆಂದರೆ ಅದಾದ ಮೇಲೆ ಕೂತುಕೊಳ್ಳಬಹುದು.

ಮಕ್ಕಳ ಮೇಲೆ ಸಿಟ್ಟಿಲ್ಲ. ಹಾಗೆ ಕಲಿಸಿದವರು ನಾವೇ. ಹಾಜರಿ ಹಾಕುತ್ತಾ ಬಾಯಲ್ಲಿ ಪ್ರಾರ್ಥನೆ ಹೇಳಿದ ದಿನಗಳು ನನಗೂ ಇವೆ. ಅದು ಮಕ್ಕಳಿಗೆ ಕಾಣುತ್ತದೆ, ಅಲ್ವಾ?

ಇನ್ನೊಂದು ವಿಷಯ. ನನ್ನ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕಥೋಲಿಕರಲ್ಲ. ಕೆಲವರು ಕೈ ಜೋಡಿಸುತ್ತಾರೆ. ಕೆಲವರು ಪಕ್ಕದವರನ್ನು ನೋಡಿ ಹಾಗೇ ಮಾಡುತ್ತಾರೆ. ಇಬ್ಬರು ಮೂವರು ನೆಲ ನೋಡುತ್ತಾ ನಿಂತಿರುತ್ತಾರೆ. ಆ ಮಕ್ಕಳ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಪ್ರಾರ್ಥನೆ ಪ್ರಾರ್ಥನೆಯಾಗಿಯೇ ಇರಬೇಕು, ಯಾರಿಗೂ ಹೊರಗಿನವರು ಅನ್ನಿಸಬಾರದು. ನೀವೆಲ್ಲ ಹೇಗೆ ಮಾಡುತ್ತೀರಿ?

ಹಳೇ ಮೇಷ್ಟ್ರು

ಟೀಚರ್, ಮಾತು ಜಾಸ್ತಿ ಮಾಡಬೇಡಿ. ಮೊದಲು ಮೌನ ತನ್ನಿ. ನಾನು ಇಷ್ಟು ವರ್ಷ ಮಾಡಿದ್ದು ಅಷ್ಟೇ.

ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಅವರ ಬಳಗದ ಸಹೋದರರು, ಅಂದರೆ ಬ್ರದರ್‌ಗಳು, ನಡೆಸುವ ಶಾಲೆಗಳಲ್ಲಿ ಒಂದು ರೂಢಿ ಇದೆ. ಯಾರಾದರೂ ಒಬ್ಬರು, "ನಾವು ದೇವರ ಪವಿತ್ರ ಸಾನ್ನಿಧ್ಯದಲ್ಲಿ ಇದ್ದೇವೆ ಎಂಬುದನ್ನು ನೆನೆಯೋಣ" ಎಂದು ಹೇಳುತ್ತಾರೆ. ಆಮೇಲೆ ಎಲ್ಲರೂ ಸುಮ್ಮನಿರುತ್ತಾರೆ. ಉಳಿದ ಪ್ರಾರ್ಥನೆ ಅದಾದ ನಂತರ. ಅವರು ಆ ಸಹೋದರರ ಬಳಗ ಕಟ್ಟಿದ್ದು 1680ರಲ್ಲಿ. ಪಾಠದ ನಡುವೆ ಗಂಟೆ ಬಾರಿಸಿದಾಗ ಒಂದು ಕ್ಷಣ ನಿಂತು ದೇವರನ್ನು ನೆನೆಯುವುದು ಅವರ ಶಾಲೆಗಳ ಹಳೆಯ ಕ್ರಮ. 1950ರಲ್ಲಿ ಹನ್ನೆರಡನೇ ಪಿಯುಸ್ ಜಗದ್ಗುರುಗಳು, ಅಂದರೆ ಪೋಪ್, ಅವರನ್ನು ಶಿಕ್ಷಕರ ಪಾಲಕ ಸಂತ ಎಂದು ಸಾರಿದರು. ಅಂದರೆ ಅವರು ನಮ್ಮವರು, ಕ್ಲಾಸಿನಲ್ಲಿ ನಿಂತು ದುಡಿದವರು.

ಆ ಮೌನ 10 ಸೆಕೆಂಡಿನಿಂದ ಶುರು ಮಾಡಿ. ಮೊದಲ ದಿನ ನಗುತ್ತಾರೆ. ಬೈಯಬೇಡಿ. ನೀವು ಕಣ್ಣು ಮುಚ್ಚಿ ನಿಜವಾಗಿ ಪ್ರಾರ್ಥಿಸಿ. ಯಾರು ನಗುತ್ತಿದ್ದಾರೆ ಅಂತ ಒಂದು ಕಣ್ಣಿನಲ್ಲಿ ನೋಡಬೇಡಿ. ನೀವು ಪೊಲೀಸ್ ಕೆಲಸ ಮಾಡುತ್ತಿದ್ದೀರೋ, ಪ್ರಾರ್ಥನೆ ಮಾಡುತ್ತಿದ್ದೀರೋ ಅಂತ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ.

ಮೂರನೇ ಬೆಂಚು

ನಾನು ಟೀಚರ್ ಅಲ್ಲ. ಕಥೋಲಿಕ ಶಾಲೆಯಲ್ಲಿ ಹತ್ತು ವರ್ಷ ಓದಿದವನು. ಒಂದೇ ಒಂದು ಮಾತು ಹೇಳಬೇಕು.

ಪ್ರಾರ್ಥನೆಯನ್ನು ಶಿಕ್ಷೆಯಾಗಿ ಕೊಡಬೇಡಿ. ನಾನು ಐದನೇ ಕ್ಲಾಸಿನಲ್ಲಿದ್ದಾಗ, ಅಸೆಂಬ್ಲಿಯಲ್ಲಿ ಮಾತಾಡಿದೆ ಅಂತ ಕಾರಿಡಾರಿನಲ್ಲಿ ಮಂಡಿಯೂರಿಸಿ, ಮಣಿ ಎಣಿಸುತ್ತಾ ಇಡೀ ಜಪಸರದ ಪ್ರಾರ್ಥನೆ ಹೇಳಿಸಿದರು. ಹೋಗುವವರು ಬರುವವರು ನೋಡುತ್ತಿದ್ದರು. ಮಂಡಿ ನೋವು ಎರಡು ದಿನದಲ್ಲಿ ಹೋಯಿತು. ಆದರೆ ಆಮೇಲೆ ಹದಿನೈದು ವರ್ಷ ನಾನು ಜಪಸರ ಮುಟ್ಟಲಿಲ್ಲ. ಮನೆಯಲ್ಲಿ ಅಮ್ಮ ಹಿಡಿದು ಕೂತರೆ ಎದ್ದು ಹೊರಗೆ ಹೋಗುತ್ತಿದ್ದೆ. ಅಮ್ಮನಿಗೆ ಕಾರಣ ಇವತ್ತಿಗೂ ಗೊತ್ತಿಲ್ಲ.

ಗಲಾಟೆ ನಿಲ್ಲಿಸಲು "ಏಳಿ, ಪ್ರಾರ್ಥನೆ ಹೇಳಿ" ಅನ್ನುವುದೂ ಅದೇ ಜಾತಿ. ಸೀಟಿ ಊದುವ ಕಡೆ ದೇವರ ಹೆಸರು ಬಳಸಿದ ಹಾಗೆ.

ಇಬ್ಬರು ಮಕ್ಕಳ ಅಮ್ಮ

ನಾವು ಕ್ರೈಸ್ತರಲ್ಲ. ಮಗಳು, ಮಗ ಇಬ್ಬರೂ ಕಥೋಲಿಕ ಶಾಲೆಯಲ್ಲಿದ್ದಾರೆ. ಅಲ್ಲಿ ಪ್ರಾರ್ಥನೆ ಇರುತ್ತದೆ ಅಂತ ಗೊತ್ತಿದ್ದೇ ಸೇರಿಸಿದ್ದು. ಅದರ ಬಗ್ಗೆ ದೂರಿಲ್ಲ. ದಿನಕ್ಕೆ ಮೂರು ಸಲ ಮಕ್ಕಳು ಓಟ ನಿಲ್ಲಿಸಿ ಕೃತಜ್ಞತೆ ಹೇಳುವುದು ನನಗೆ ಇಷ್ಟ.

ಆದರೆ ಮಗಳು ಒಂದು ದಿನ ಕೇಳಿದಳು, "ಅಮ್ಮಾ, ನಾನು ಶಿಲುಬೆ ಗುರುತು ಹಾಕಿದರೆ ತಪ್ಪಾ? ಹಾಕದಿದ್ದರೆ ತಪ್ಪಾ?" ಎಂಟು ವರ್ಷದ ಮಗು ಎರಡೂ ಕಡೆ ಹೆದರುತ್ತಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಕ್ಲಾಸ್ ಟೀಚರ್ ಹತ್ತಿರ ಹೋದೆ. ಅವರು ಮಗಳನ್ನೇ ಕೂರಿಸಿಕೊಂಡು, "ನೀನು ಸುಮ್ಮನೆ ನಿಂತರೆ ಸಾಕು. ಮನೆಯಲ್ಲಿ ಹೇಗೆ ಬೇಡಿಕೊಳ್ಳುತ್ತೀಯೋ ಹಾಗೆ ಮನಸ್ಸಿನಲ್ಲಿ ಬೇಡಿಕೋ" ಅಂದರು. ಆವತ್ತಿನಿಂದ ಅವಳು ನಿರಾಳ.

ನೋವಾಗಿದ್ದು ಬಲಿಪೂಜೆಯ ದಿನ. ಗೆಳತಿಯರ ಜೊತೆ ಅವಳೂ ಪರಮಪ್ರಸಾದದ ಸಾಲಿನಲ್ಲಿ ಹೋಗಿ ಕೈ ಚಾಚಿದಳು. ಎಲ್ಲರ ಮುಂದೆ ವಾಪಸ್ ಕಳಿಸಿದರು. ಮನೆಗೆ ಬಂದು ಅತ್ತಳು. "ನನಗೆ ಮಾತ್ರ ಕೊಡಲಿಲ್ಲ" ಅಂತ. ನಿಯಮ ಇರಲಿ, ಅದು ನಿಮ್ಮ ನಂಬಿಕೆ. ಆದರೆ ಮಗುವಿಗೆ ಮೊದಲೇ ಯಾರೂ ಹೇಳಿರಲಿಲ್ಲ.

ಧರ್ಮೋಪದೇಶದ ಸಿಸ್ಟರ್

ಅಮ್ಮಾ, ನಿಮ್ಮ ಮಗಳು ಅತ್ತಿದ್ದು ಓದಿ ಸಂಕಟವಾಯಿತು. ಆ ತಪ್ಪು ಮಗುವಿನದಲ್ಲ, ಹೇಳಬೇಕಾಗಿದ್ದ ದೊಡ್ಡವರದು.

ನಮ್ಮಲ್ಲಿ ಬಲಿಪೂಜೆಯ ಹಿಂದಿನ ದಿನ ಪ್ರತಿ ಕ್ಲಾಸಿಗೂ ಹೋಗಿ ಹೇಳುತ್ತೇವೆ. ಕಥೋಲಿಕರಿಗೆ ಪರಮಪ್ರಸಾದ ಯೇಸುಸ್ವಾಮಿಯ ದೇಹವೇ. ಅದನ್ನು ಸ್ವೀಕರಿಸಲು ತಯಾರಿ ಬೇಕು. ಒಂದನೇ ಕ್ಲಾಸಿನ ಕಥೋಲಿಕ ಮಕ್ಕಳೂ ಇನ್ನೂ ಸ್ವೀಕರಿಸುವುದಿಲ್ಲ. 1910ರಲ್ಲಿ ಸಂತ ಹತ್ತನೇ ಪಿಯುಸ್ ಜಗದ್ಗುರುಗಳು ವಯಸ್ಸನ್ನು ಇಳಿಸಿ, ಸುಮಾರು ಏಳು ವರ್ಷ, ಅಂದರೆ ತಿಳಿವಳಿಕೆ ಬಂದ ಮೇಲೆ ಕೊಡಬಹುದು ಎಂದರು. ಅದಕ್ಕೂ ಮುಂಚೆ ಇನ್ನೂ ದೊಡ್ಡವರಾಗುವ ತನಕ ಮಕ್ಕಳು ಕಾಯಬೇಕಿತ್ತು. ಇದನ್ನು ಹೇಳಿದರೆ ನಿಮ್ಮ ಮಗಳಿಗೆ "ನನಗೆ ಮಾತ್ರ" ಅನ್ನಿಸುವುದಿಲ್ಲ. ಎದೆಯ ಮೇಲೆ ಕೈಗಳನ್ನು ಅಡ್ಡ ಇಟ್ಟುಕೊಂಡು ಬಂದರೆ ಫಾದರ್ ಆಶೀರ್ವಾದ ಮಾಡುತ್ತಾರೆ. ಹಲವು ಕಡೆ ಹೀಗೆ ಮಾಡುತ್ತಾರೆ. ಬರಲು ಇಷ್ಟವಿಲ್ಲದ ಮಗು ಕೂತಲ್ಲೇ ಕೂತಿರಬಹುದು. ಎರಡಕ್ಕೂ ಒಂದೇ ಗೌರವ.

ಟೀಚರ್, ನಿಮ್ಮ ಎರಡನೇ ಪ್ರಶ್ನೆಗೆ. ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಪತ್ರಗಳಲ್ಲಿ ಎರಡು ನಮಗೆ ಮುಖ್ಯ. ಅಕ್ಟೋಬರ್ 28ರಂದು ಬಂದದ್ದು ಕ್ರೈಸ್ತ ಶಿಕ್ಷಣದ ಬಗ್ಗೆ. ಡಿಸೆಂಬರ್ 7ರಂದು ಬಂದದ್ದು ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ. ನಮ್ಮ ಶಾಲೆಗಳು ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ನಡೆಯಬೇಕು. ಯಾರನ್ನೂ ಬಲವಂತದಿಂದ ಕಥೋಲಿಕ ವಿಶ್ವಾಸಕ್ಕೆ ತರಬಾರದು ಎಂದು 1983ರ ಧರ್ಮಸಭೆಯ ಕಾನೂನು 748ನೇ ನಿಯಮದಲ್ಲೇ ಹೇಳುತ್ತದೆ. ಹಾಗಂತ ಪ್ರಾರ್ಥನೆಯನ್ನು ನೀರು ಮಾಡಿ, ಯಾರ ಹೆಸರೂ ಇಲ್ಲದ ಹಾಗೆ ಮಾಡುವುದೂ ಬೇಡ. ಯೇಸುವಿನ ಹೆಸರಿನಲ್ಲೇ ಪ್ರಾರ್ಥಿಸಿ. ಆದರೆ "ಈಗ ನಾವು ಕಥೋಲಿಕರು ಹೀಗೆ ಪ್ರಾರ್ಥಿಸುತ್ತೇವೆ, ನೀವು ಜೊತೆಗೆ ಹೇಳಬಹುದು ಅಥವಾ ಸುಮ್ಮನೆ ನಿಲ್ಲಬಹುದು" ಅಂತ ವರ್ಷದ ಆರಂಭದಲ್ಲೇ ಬಾಯಿಬಿಟ್ಟು ಹೇಳಿ. ನೆಲ ನೋಡುತ್ತಾ ನಿಲ್ಲುವ ಆ ಮಕ್ಕಳಿಗೆ ಈ ಮಾತು ಬೇಕು.

ಮೊದಲ ಸಾಲಿನ ಅಪ್ಪ

ಸಿಸ್ಟರ್, ಒಂದು ಪ್ರಶ್ನೆ. ತಿಂಗಳಿಗೊಂದು ಬಲಿಪೂಜೆ ಸಾಕಾ? ಕಥೋಲಿಕ ಶಾಲೆ ಅಂದ ಮೇಲೆ ದಿನಾ ಇರಬೇಕು ಅಂತ ನನ್ನ ಅನಿಸಿಕೆ. ನಾನು ಓದಿದ ಬೋರ್ಡಿಂಗ್ ಶಾಲೆಯಲ್ಲಿ ಬೆಳಗ್ಗೆ ಆರಕ್ಕೆ ಪೂಜೆ ಇರುತ್ತಿತ್ತು. ಒಂದು ದಿನವೂ ತಪ್ಪಿಸುವ ಹಾಗಿರಲಿಲ್ಲ. ಇವತ್ತು ನನ್ನಲ್ಲಿ ಸ್ವಲ್ಪ ವಿಶ್ವಾಸ ಇದ್ದರೆ ಅದು ಅಲ್ಲಿಂದ ಬಂದದ್ದು.

ಧರ್ಮೋಪದೇಶದ ಸಿಸ್ಟರ್

ಸರ್, ನಿಮಗೆ ಅದು ಫಲ ಕೊಟ್ಟಿದೆ, ದೇವರಿಗೆ ಸ್ತೋತ್ರ. ಬಲಿಪೂಜೆಗಿಂತ ದೊಡ್ಡ ಪ್ರಾರ್ಥನೆ ನಮ್ಮಲ್ಲಿಲ್ಲ. ಆದರೆ ಮಕ್ಕಳ ಜೊತೆ ನಡೆಸುವ ಬಲಿಪೂಜೆಗಳ ಬಗ್ಗೆ 1973ರಲ್ಲಿ ರೋಮ್‌ನಿಂದ ಒಂದು ಮಾರ್ಗಸೂಚಿ ಬಂದಿದೆ. ಇನ್ನೂ ಹದಿಹರೆಯಕ್ಕೆ ಬರದ ಮಕ್ಕಳಿಗಾಗಿ ಬರೆದದ್ದು. ವಾರದ ದಿನಗಳ ಪೂಜೆ ದಿನಾ ಇರದಿದ್ದರೆ ಮಕ್ಕಳಿಗೆ ಬೇಸರ ಕಡಿಮೆ, ಫಲ ಜಾಸ್ತಿ ಎಂದು ಅದು ಹೇಳುತ್ತದೆ. ಅಲ್ಲಿ ಉದಾಹರಣೆ ಕೊಟ್ಟಿರುವುದೇ ಬೋರ್ಡಿಂಗ್ ಶಾಲೆಗಳದ್ದು. ನಡುವೆ ದಿನಗಳಿದ್ದರೆ ತಯಾರಿಯೂ ಚೆನ್ನಾಗಿ ಆಗುತ್ತದೆ.

ಅದೇ ಮಾರ್ಗಸೂಚಿಯಲ್ಲಿ ಟೀಚರ್‌ಗೆ ಉಪಯೋಗವಾಗುವುದು ಇನ್ನೂ ಇದೆ. ಮಕ್ಕಳು ತುಂಬಾ ಇದ್ದರೆ ಚಿಕ್ಕ ಗುಂಪುಗಳಾಗಿ ಬೇರೆ ಬೇರೆ ದಿನ ಕರೆಯಿರಿ. ಬೈಬಲಿನ ಮೂರು ವಾಚನ ಕಷ್ಟವಾದರೆ ಒಂದೇ ಸಾಕು, ಯೇಸುವಿನ ಬದುಕು ಹೇಳುವ ಶುಭಸಂದೇಶ ಮಾತ್ರ ಬಿಡಬಾರದು. ಮಕ್ಕಳ ಮಟ್ಟಕ್ಕೆ ಇಳಿದು ಮಾತಾಡುವುದು ಫಾದರ್‌ಗೆ ಕಷ್ಟವಾದರೆ, ಒಪ್ಪಿಗೆ ಪಡೆದು ಬೇರೆ ದೊಡ್ಡವರು ಶುಭಸಂದೇಶದ ಮೇಲೆ ಮಾತಾಡಬಹುದು. ಮತ್ತೆ ಮೌನ. ಮಕ್ಕಳ ಪೂಜೆಯಲ್ಲೂ ಮೌನಕ್ಕೆ ಜಾಗ ಇರಲೇಬೇಕು ಅನ್ನುತ್ತದೆ. ಹಳೇ ಮೇಷ್ಟ್ರು ಹೇಳಿದ್ದೂ ಇದನ್ನೇ.

ತಾತನ ಜಪಸರ

ಎಲ್ಲರೂ ಬಾಯಿಪಾಠದ ಪ್ರಾರ್ಥನೆಯನ್ನು ಕೆಳಗಿಟ್ಟು ಮಾತಾಡುತ್ತಾರೋ ಅಂತ ಭಯವಾಗಿ ಬರೆಯುತ್ತಿದ್ದೇನೆ.

ನನ್ನ ತಂದೆಗೆ ಕೊನೆಯ ಎರಡು ವರ್ಷ ನೆನಪು ಪೂರ್ತಿ ಹೋಗಿತ್ತು. ನನ್ನ ಹೆಸರು ಗೊತ್ತಿರಲಿಲ್ಲ. ನನ್ನ ಮಕ್ಕಳನ್ನು ಯಾರೋ ನೆಂಟರು ಅಂದುಕೊಳ್ಳುತ್ತಿದ್ದರು. ಆದರೆ ಸಂಜೆ ಹಾಸಿಗೆ ಪಕ್ಕ ಕೂತು ನಾನು ನಮೋ ಮರಿಯ ಶುರು ಮಾಡಿದರೆ ಉಳಿದ ಅರ್ಧ ಅವರು ಹೇಳುತ್ತಿದ್ದರು. ಒಂದು ಪದ ತಪ್ಪುತ್ತಿರಲಿಲ್ಲ. ಅವರು ಅದನ್ನು ಕಲಿತದ್ದು ಶಾಲೆಯಲ್ಲಿ, ಬೆಂಚಿನ ಮೇಲೆ ನಿಂತು, ಬಹುಶಃ ನಿಮ್ಮ ಮಕ್ಕಳ ಹಾಗೇ ಅವಸರದಲ್ಲಿ. ಬೇರೆಲ್ಲಾ ಹೋದ ಮೇಲೂ ಅದು ಉಳಿದಿತ್ತು.

ಅದಕ್ಕೇ ಹೇಳುತ್ತೇನೆ ಟೀಚರ್, ಬಾಯಿಪಾಠ ತೆಗೆಯಬೇಡಿ. ಓಟ ಮಾತ್ರ ತೆಗೆಯಿರಿ. ಕ್ಲಾಸನ್ನು ಎರಡು ಭಾಗ ಮಾಡಿ. ಎಡಗಡೆಯವರು ಮೊದಲರ್ಧ, ಬಲಗಡೆಯವರು ಉಳಿದರ್ಧ. ಕ್ರೈಸ್ತ ಮಠಗಳಲ್ಲಿ ಬೈಬಲಿನ ಕೀರ್ತನೆಗಳನ್ನು ಹೀಗೇ ಎರಡು ಸಾಲಾಗಿ ಹೇಳುತ್ತಾರೆ. ಒಬ್ಬರು ಮುಗಿಸುವುದನ್ನು ಇನ್ನೊಬ್ಬರು ಕಾಯಲೇಬೇಕು. ವೇಗ ತಾನಾಗೇ ಇಳಿಯುತ್ತದೆ.

ಅಕ್ಟೋಬರ್ ಜಪಸರದ ತಿಂಗಳು ಬಂದಾಗ ಇಡೀ ಜಪಸರ ಒಂದೇ ದಿನ ಹೇಳಿಸಬೇಡಿ. ದಿನಕ್ಕೆ ಒಂದೇ ಹತ್ತುಮಣಿ, ಅಂದರೆ ಹತ್ತು ನಮೋ ಮರಿಯ. ಪ್ರತಿ ಹತ್ತುಮಣಿಗೂ ಯೇಸು, ಮರಿಯರ ಜೀವನದ ಒಂದು ಘಟನೆ ನೆನೆಯುತ್ತೇವೆ, ಅದಕ್ಕೆ ರಹಸ್ಯ ಅನ್ನುತ್ತೇವೆ. ಸೋಮವಾರದಿಂದ ಶುಕ್ರವಾರಕ್ಕೆ ಐದು ರಹಸ್ಯ ಮುಗಿಯುತ್ತವೆ. 2002ರಲ್ಲಿ ಸಂತ ಎರಡನೇ ಜಾನ್ ಪಾಲ್ ಜಗದ್ಗುರುಗಳು ಬೆಳಕಿನ ರಹಸ್ಯಗಳನ್ನು ಸೇರಿಸಿದ ಮೇಲೆ ಒಟ್ಟು 20 ಆಗಿವೆ. ನಾಲ್ಕು ವಾರದ ಶಾಲಾ ದಿನಗಳೂ 20. ಒಂದು ತಿಂಗಳಿನಲ್ಲಿ ಮಕ್ಕಳು ಯೇಸುವಿನ ಜೀವನ ಪೂರ್ತಿ ಒಂದು ಸುತ್ತು ನೋಡಿಬಿಡುತ್ತಾರೆ.

ಮೂರನೇ ಬೆಂಚು

ನಿಮ್ಮ ತಂದೆಯ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ. ನನ್ನ ಅಮ್ಮನಿಗೆ ಈಗ ಎಪ್ಪತ್ತು. ಇವತ್ತು ಸಂಜೆ ಅವರು ಜಪಸರ ಹಿಡಿದಾಗ ನಾನು ಎದ್ದು ಹೋಗುವುದಿಲ್ಲ.

ಹೈಸ್ಕೂಲ್ ಕಡೆಯವರು

ಚಿಕ್ಕವರಿಗೆ ಇದೆಲ್ಲ ಸರಿ. ಒಂಬತ್ತು, ಹತ್ತನೇ ಕ್ಲಾಸಿನವರು ಬೇರೆ. ಅವರ ಬಾಯಲ್ಲಿ ಪ್ರಾರ್ಥನೆ ಹಾಕಿದರೆ ಅವರು ಬಾಯನ್ನೇ ಮುಚ್ಚಿಕೊಳ್ಳುತ್ತಾರೆ. ನಾನು ಸಂತ ಇಗ್ನೇಷಿಯಸ್ ಲೊಯೋಲ ಅವರ ಆತ್ಮಶೋಧನೆಯ ದಾರಿ ಹಿಡಿದೆ. ಕೊನೆಯ ಪೀರಿಯಡ್ ಮುಗಿದ ಮೇಲೆ ಮೂರು ನಿಮಿಷ. ಎಲ್ಲರೂ ಕೂತಿರುತ್ತಾರೆ. ನಾನು ನಿಧಾನವಾಗಿ ಒಂದೊಂದೇ ವಾಕ್ಯ ಹೇಳುತ್ತೇನೆ. ಇವತ್ತು ಯಾವುದಕ್ಕೆ ಕೃತಜ್ಞತೆ? ದಿನವನ್ನು ಸರಿಯಾಗಿ ನೋಡಲು ಬೆಳಕು ಕೊಡು ದೇವರೇ. ಬೆಳಗಿನಿಂದ ಈಗಿನವರೆಗೆ ಏನೇನಾಯಿತು? ಯಾರಿಗಾದರೂ ನೋವು ಮಾಡಿದೆನಾ? ನಾಳೆ ಏನು ಬೇರೆ ಮಾಡಲಿ?

ಉತ್ತರ ಯಾರೂ ಹೇಳಬೇಕಾಗಿಲ್ಲ, ಬರೆಯಬೇಕಾಗಿಲ್ಲ. "ಯಾರು ಹಂಚಿಕೊಳ್ಳುತ್ತೀರಿ?" ಅಂತ ನಾನು ಒಮ್ಮೆಯೂ ಕೇಳಿಲ್ಲ. ಕೇಳಿದ ದಿನ ಇದು ನಾಟಕವಾಗುತ್ತದೆ. ಒಂದು ಸಲ ಈ ಮೂರು ನಿಮಿಷ ಆದ ಮೇಲೆ ಒಬ್ಬ ಹುಡುಗ ಎದ್ದು ಮುಂದಿನ ಬೆಂಚಿಗೆ ಹೋಗಿ ಇನ್ನೊಬ್ಬನ ಕಿವಿಯಲ್ಲಿ ಏನೋ ಹೇಳಿ ವಾಪಸ್ ಬಂದ. ಏನು ಅಂತ ನನಗೆ ತಿಳಿಯದು. ಇಬ್ಬರೂ ಒಟ್ಟಿಗೆ ಮನೆಗೆ ಹೋದರು.

ಬೆಳಗ್ಗೆ ಮಾತಾಡುವ ಸರದಿ ನಿಮ್ಮದಾದರೆ ಬಡ ಹುಡುಗರಿಗಾಗಿ ದುಡಿದ ಸಂತ ಡಾನ್ ಬಾಸ್ಕೊ ಅವರನ್ನು ನೆನಪಿಸಿಕೊಳ್ಳಿ. ರಾತ್ರಿ ಪ್ರಾರ್ಥನೆಯಾದ ಮೇಲೆ ಅವರು ಹುಡುಗರಿಗೆ ಎರಡು ಮೂರು ನಿಮಿಷ ಮಾತ್ರ ಮಾತಾಡುತ್ತಿದ್ದರು, ಆವತ್ತು ನಡೆದ ಯಾವುದೋ ಒಂದು ವಿಷಯದ ಮೇಲೆ. ಆ ರೂಢಿ ಶುರುವಾದದ್ದು ಅವರ ತಾಯಿ ಮಾರ್ಗರೀತ ಅವರಿಂದ. ಒಂದೇ ವಿಷಯ, ಮೂರು ನಿಮಿಷ. ಅದಕ್ಕಿಂತ ಉದ್ದವಾದರೆ ಮಕ್ಕಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಲು ಶುರು ಮಾಡುತ್ತಾರೆ.

ಗಾಯನ ಮೇಳ

ಪ್ರಾರ್ಥನೆಯ ಹಾಡಿಗೆ ಸ್ಪೀಕರಿನಲ್ಲಿ ರೆಕಾರ್ಡ್ ಹಾಕುವವರು ದಯವಿಟ್ಟು ಅದನ್ನು ನಿಲ್ಲಿಸಿ. ರೆಕಾರ್ಡ್ ಹಾಡುತ್ತದೆ, ಮಕ್ಕಳು ಕೇಳುತ್ತಾರೆ, ಅಷ್ಟೇ. ಎರಡು ಸಾಲಿನ ಕೀರ್ತನೆ ಪ್ರತ್ಯುತ್ತರ ಒಂದನ್ನು ಕಲಿಸಿ, ವಾದ್ಯ ಬೇಡ. ಶ್ರುತಿ ತಪ್ಪಿದರೂ ಪರವಾಗಿಲ್ಲ.

ಇಬ್ಬರು ಮಕ್ಕಳ ಅಮ್ಮ

ಸಿಸ್ಟರ್‌ಗೆ ತುಂಬಾ ಧನ್ಯವಾದ. ಮಗಳಿಗೆ ಓದಿ ಹೇಳಿದೆ. "ಒಂದನೇ ಕ್ಲಾಸಿನವರಿಗೂ ಕೊಡಲ್ವಾ?" ಅಂತ ಎರಡು ಸಲ ಕೇಳಿದಳು.

ಅವಳ ಕ್ಲಾಸಿನಲ್ಲಿ ಈಗ ಒಂದು ಡಬ್ಬ ಇಟ್ಟಿದ್ದಾರೆ. ಯಾರಿಗಾಗಿ ಪ್ರಾರ್ಥಿಸಬೇಕು ಅಂತ ಚೀಟಿಯಲ್ಲಿ ಬರೆದು ಹಾಕಬಹುದು. ಎಲ್ಲ ಧರ್ಮದ ಮಕ್ಕಳೂ ಹಾಕುತ್ತಾರೆ. ಮಗಳು ಅವಳ ಅಜ್ಜಿಯ ಮಂಡಿಗಾಗಿ ಹಾಕಿದ್ದಳು. ಇದನ್ನು ಆರನೇ ಕ್ಲಾಸ್ ಟೀಚರ್ ಕೂಡ ಮಾಡಬಹುದು ಅನ್ನಿಸಿತು.

ಹಳೇ ಮೇಷ್ಟ್ರು

ಡಬ್ಬ ಒಳ್ಳೆಯದು. ಆದರೆ ಒಂದು ಎಚ್ಚರ, ಇದನ್ನು ನಾನು ಕಷ್ಟಪಟ್ಟು ಕಲಿತೆ. ಚೀಟಿಗಳನ್ನು ಮೊದಲು ಟೀಚರ್ ಒಬ್ಬರೇ ಓದಬೇಕು. ನೇರವಾಗಿ ಮಗುವಿನ ಕೈಗೆ ಕೊಟ್ಟು ಜೋರಾಗಿ ಓದಿಸಬಾರದು. ಒಂದು ಸಲ "ಅಪ್ಪ ಅಮ್ಮನಿಗೆ ಹೊಡೆಯುವುದು ನಿಲ್ಲಲಿ" ಅಂತ ಒಂದು ಚೀಟಿ ಬಂತು. ಹೆಸರಿರಲಿಲ್ಲ, ಆದರೆ ಅಕ್ಷರ ಗುರುತಿಸುವುದು ಗೆಳೆಯರಿಗೆ ಕಷ್ಟವಲ್ಲ. ನಾನು ಪ್ರಾರ್ಥನೆಯಲ್ಲಿ "ಎಲ್ಲ ಮನೆಗಳಲ್ಲೂ ಶಾಂತಿ ಇರಲಿ" ಎಂದಷ್ಟೇ ಹೇಳಿದೆ.

ಅಷ್ಟಕ್ಕೇ ಬಿಡಬೇಡಿ. ಅಂಥ ಚೀಟಿ ಬಂದರೆ ಅದೇ ದಿನ ಮುಖ್ಯೋಪಾಧ್ಯಾಯರಿಗೆ, ಕೌನ್ಸಿಲರ್‌ಗೆ ತಿಳಿಸಬೇಕು. ಮಗು ದೇವರಿಗೆ ಬರೆದದ್ದು ನಿಜ, ಆದರೆ ಅದನ್ನು ಓದಿದವರು ನಾವು.

ಆರನೇ ಕ್ಲಾಸ್ ಟೀಚರ್

ಮೂರು ವಾರದ ನಂತರ ಬರೆಯುತ್ತಿದ್ದೇನೆ. ನೀವು ಹೇಳಿದ್ದೆಲ್ಲ ಮಾಡಲಿಲ್ಲ, ಎಲ್ಲ ಒಟ್ಟಿಗೆ ಮಾಡಿದರೆ ಮಕ್ಕಳಿಗೆ ಗಾಬರಿಯಾಗುತ್ತಿತ್ತು.

ಮೊದಲು ಕ್ಲಾಸಿಗೆ ಸಿಸ್ಟರ್ ಹೇಳಿದ ಮಾತು ಹೇಳಿದೆ. ಜೊತೆಗೆ ಹೇಳಬಹುದು, ಸುಮ್ಮನೆ ನಿಲ್ಲಬಹುದು, ಎರಡೂ ಸರಿ. ನೆಲ ನೋಡುತ್ತಿದ್ದ ಹುಡುಗರಲ್ಲಿ ಒಬ್ಬ ತಕ್ಷಣ ಕೈ ಎತ್ತಿ, "ಕಣ್ಣು ಮುಚ್ಚಬೇಕಾ, ತೆರೆದಿರಬಹುದಾ?" ಅಂತ ಕೇಳಿದ. ಇಷ್ಟು ದಿನ ಅವನಿಗೆ ಇದೇ ಚಿಂತೆ ಇತ್ತೇನೋ.

ಮೌನ ಮೊದಲ ವಾರ ಕೆಟ್ಟದಾಗಿತ್ತು. ನಗು, ಕೆಮ್ಮು, ಪೆನ್ಸಿಲ್ ಬೀಳುವುದು. ನಾನು ಕಣ್ಣು ತೆರೆಯಲಿಲ್ಲ. ಎರಡನೇ ವಾರ ಬುಧವಾರ ಮೊದಲ ಸಲ ಪೂರ್ತಿ 10 ಸೆಕೆಂಡ್ ನಿಶ್ಶಬ್ದ. ಹೊರಗಿನ ಗಾಳಿಯ ಸದ್ದು ಕೇಳಿಸಿತು. ಈಗ 20ರ ತನಕ ಬಂದಿದ್ದೇವೆ. ಕಳೆದ ಸೋಮವಾರ ಸಿಬ್ಬಂದಿ ಮೀಟಿಂಗ್ ಇದ್ದ ಗಡಿಬಿಡಿಯಲ್ಲಿ ನಾನು ಮೌನ ಬಿಟ್ಟು ನೇರವಾಗಿ ಪಿತನ ಸುತನ ಅಂತ ಶಿಲುಬೆ ಗುರುತಿನ ಮಾತು ಶುರು ಮಾಡಿದೆ. ಆ ಕಣ್ಣಿನ ಪ್ರಶ್ನೆ ಕೇಳಿದ ಹುಡುಗನೇ ಹೇಳಿದ, "ಟೀಚರ್, ಸುಮ್ನಿರೋದು ಮರೆತಿರಿ."

ಎಡ-ಬಲ ಭಾಗ ಮಾಡಿದ್ದು ಮೊದಲ ದಿನವೇ ಕೆಲಸ ಮಾಡಿತು. ನಮೋ ಮರಿಯ ಈಗ ಇಪ್ಪತ್ತು ಸೆಕೆಂಡಿನ ಹತ್ತಿರ. ಎರಡನೇ ವಾರದ ಹೊತ್ತಿಗೆ ಯಾರ ಕಡೆ ಜೋರು ಅಂತ ಪೈಪೋಟಿ ಶುರುವಾಯಿತು. ನಿಲ್ಲಿಸಲು ಇನ್ನೂ ಒದ್ದಾಡುತ್ತಿದ್ದೇನೆ.

ಕ್ಲಾಸಿನ ಮೂಲೆಯಲ್ಲಿ ಚಿಕ್ಕ ಮೇಜು ಇಟ್ಟಿದ್ದೇನೆ. ಶಿಲುಬೆ, ಪವಿತ್ರ ಬೈಬಲ್, ಚೀಟಿಯ ಡಬ್ಬ. ಮೇಜಿನ ಬಟ್ಟೆಯ ಬಣ್ಣ ಆರಾಧನಾ ವರ್ಷದ್ದು, ಅಂದರೆ ಚರ್ಚಿನ ಕಾಲಕ್ಕೆ ತಕ್ಕದ್ದು. ಈಗ ಸಾಧಾರಣ ಕಾಲ, ಹಸಿರು. ಬೂದಿ ಬುಧವಾರದಿಂದ, ಅಂದರೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾದಾಗಿನಿಂದ, ನೇರಳೆ. ಬಟ್ಟೆ ಬದಲಿಸುವ ಸರದಿ ಎಲ್ಲ ಮಕ್ಕಳಿಗೂ ಇದೆ. ಯಾಕೆ ಬಣ್ಣ ಬದಲಾಗುತ್ತದೆ ಅಂತ ಅವರೇ ಕೇಳುತ್ತಿದ್ದಾರೆ. ನಾನು ಪಾಠ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಈಗ ಒಂದು ಸಹಾಯ ಬೇಕು. ತಪಸ್ಸುಕಾಲದಲ್ಲಿ ಶುಕ್ರವಾರ ಶಿಲುಬೆ ಹಾದಿ, ಅಂದರೆ ಯೇಸುವಿನ ಯಾತನೆ, ಮರಣಗಳನ್ನು ಒಂದೊಂದೇ ಸ್ಥಳದಲ್ಲಿ ನಿಂತು ನೆನೆಯುವ ಪ್ರಾರ್ಥನೆ, ಮಾಡಬೇಕು. 14 ಸ್ಥಳಗಳನ್ನೂ ಒಂದೇ ಸಲ ಮಾಡಿದರೆ ಹೋದ ವರ್ಷದ ಹಾಗೆ ಏಳನೇ ಸ್ಥಳಕ್ಕೇ ಮಕ್ಕಳು ಸೋತುಹೋಗುತ್ತಾರೆ. ಏನು ಮಾಡಲಿ?

ಧರ್ಮೋಪದೇಶದ ಸಿಸ್ಟರ್

ಒಂದೇ ಸಲ ಬೇಡ ಟೀಚರ್. ತಪಸ್ಸುಕಾಲದಲ್ಲಿ ಆರು ಶುಕ್ರವಾರ ಸಿಗುತ್ತವೆ, ಏಳನೆಯದು ಶುಭ ಶುಕ್ರವಾರ. ಬೂದಿ ಬುಧವಾರದ ನಂತರದ ಶುಕ್ರವಾರದಿಂದಲೇ ಶುರು ಮಾಡಿ, ವಾರಕ್ಕೆ ಎರಡು ಸ್ಥಳ. ಹನ್ನೆರಡು ಆಗುತ್ತವೆ. ಹನ್ನೆರಡನೆಯದು ಯೇಸು ಶಿಲುಬೆಯ ಮೇಲೆ ಪ್ರಾಣ ಬಿಡುವುದು. ಉಳಿದ ಎರಡನ್ನು, ಶಿಲುಬೆಯಿಂದ ಇಳಿಸುವುದು ಮತ್ತು ಸಮಾಧಿ ಮಾಡುವುದು, ಪವಿತ್ರ ವಾರದಲ್ಲಿ ರಜೆಗೆ ಮುಂಚೆ ಮಾಡಿ. ಪ್ರತಿ ಸ್ಥಳದಲ್ಲೂ ನಿಮ್ಮ 20 ಸೆಕೆಂಡ್ ಇರಲಿ. ಸ್ಥಳಗಳ ಚಿತ್ರವನ್ನು ಮಕ್ಕಳೇ ಬರೆಯಲಿ, ಇಬ್ಬರಿಗೆ ಒಂದರಂತೆ ಹಂಚಿ. ವೆರೋನಿಕ ಯೇಸುವಿನ ಮುಖ ಒರೆಸುವ ಆರನೇ ಸ್ಥಳವನ್ನು ಆ ಕಣ್ಣಿನ ಪ್ರಶ್ನೆ ಕೇಳಿದ ಹುಡುಗನಿಗೆ ಕೊಡಿ, ಅವನಿಗೆ ಇಷ್ಟವಿದ್ದರೆ ಮಾತ್ರ.